ತೂಬಿನ ಕೆಳಗಿನವರು: ಕರ್ನಾಟಕದ ಕಾಲುವೆ ಅಧ್ಯಯನಗಳ ಒಂದು ಸಮೀಕ್ಷೆ

ಈಚೆಗೆ ಕಾಲುವೆ ನೀರಿನ ಬಗ್ಗೆ ಎಲ್ಲಿ ಮಾತೆತ್ತಿದರೂ ಅದು ‘ನೀರುಗಳ್ಳತನ’ಕ್ಕೆ ಬಂದು ನಿಲ್ಲುತ್ತದೆ. ಮೇಲ್ಭಾಗದವರು ನಾಲೆಗೆ ಪಂಪ್‌ಸೆಟ್ ಹೂಡಿ ನೀರೆತ್ತುತ್ತಾರೆ, ಕೊನೆಯ ಭಾಗದವರ ಬೆಳೆ ಒಣಗುತ್ತದೆ. ಹಾಗಾಗಿ ಶಿಕ್ಷೆ ಹೆಚ್ಚಿಸಬೇಕು, ಗೇಟುಗಳಿಗೆ ಯಂತ್ರ ಕೂರಿಸಬೇಕು, ಅದೂ ಆಗದಿದ್ದರೆ ನಾಲೆ ಬಿಟ್ಟು ಪೈಪಿನಲ್ಲಿ ನೀರು ಒಯ್ಯಬೇಕು ಎಂಬ ವಾದ ಸಿದ್ಧವಾಗಿದೆ. 2024ರಲ್ಲಿ ಕರ್ನಾಟಕ ನೀರಾವರಿ ಕಾಯ್ದೆಗೆ ತಂದ ತಿದ್ದುಪಡಿಯ ಹಿಂದೆಯೂ ಇದೇ ವಾದವಿತ್ತು. ಅಕ್ರಮವಾಗಿ ನೀರೆತ್ತುವವರೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಕಾಲುವೆಯ ಕಥೆಯೆಂದರೆ ರೈತ ರೈತರ ನಡುವಿನ ಜಗಳ ಮಾತ್ರ ಎಂಬ ತಿಳಿವಳಿಕೆ, ಹಲವು ದಶಕಗಳ ಅಧ್ಯಯನವನ್ನು ಓದದೆ ಹುಟ್ಟಿದ್ದು. ಆ ಅಧ್ಯಯನ ಹೇಗೆ ಬೆಳೆಯಿತು, ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ಈಗಲಾದರೂ ಹೇಳಬೇಕು.

ಮೊದಲ ಹಂತದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಿಜಯನಗರದ ಕಾಲದ ತುಂಗಭದ್ರಾ ಕಾಲುವೆಗಳು, ಮೈಸೂರು ಅರಸರ ಕಾವೇರಿ ನಾಲೆಗಳು, ಕೆರೆಗಳು, ಅವುಗಳ ನೀರಗಂಟಿಗಳು ಶಾಸನ ಮತ್ತು ಗೆಜೆಟಿಯರ್‌ಗಳಲ್ಲಿ ಬರುತ್ತವೆ. ಬರೆದವರಲ್ಲಿ ಹೆಚ್ಚಿನವರು ಕಟ್ಟಿಸಿದವರನ್ನು ಹೊಗಳಿ ಮುಂದೆ ಹೋಗಿದ್ದಾರೆ. ಬ್ರಿಟಿಷ್ ಕಾಲದ ಎಂಜಿನಿಯರುಗಳ ವರದಿಗಳಲ್ಲಿ ನೀರಿನ ಲೆಕ್ಕವಿದೆ, ಕಂದಾಯದ ಲೆಕ್ಕವಿದೆ, ಊರುಗಳಿಲ್ಲ. ಈ ಹಂತದಲ್ಲಿ ಗಮನಿಸಲೇಬೇಕಾದ್ದು ಬ್ಲಾಕ್ ಪದ್ಧತಿ. ಮುಂಬಯಿ ದಖ್ಖನಿನ ನೀರಾ ಕಾಲುವೆಯ ಮೇಲೆ ವಿಶ್ವೇಶ್ವರಯ್ಯನವರು ರೂಪಿಸಿದ ಈ ಪದ್ಧತಿ ಮುಂದೆ ಕೃಷ್ಣರಾಜಸಾಗರದ ಇರ್ವಿನ್ ನಾಲೆಗೂ ಬಂತು. ಇಂದಿನ ವಿಶ್ವೇಶ್ವರಯ್ಯ ನಾಲೆ ಅದೇ. ಯಾವ ಹೊಲಕ್ಕೆ ಯಾವ ಬೆಳೆ, ಎಷ್ಟು ನೀರು ಎಂಬುದನ್ನು ಇಲಾಖೆ ಮೊದಲೇ ಗೊತ್ತುಮಾಡುವ ಪದ್ಧತಿ ಇದು. 1930ರ ದಶಕದ ಆರಂಭದಲ್ಲಿ ಮಂಡ್ಯ ಕಡೆಯ ರೈತರು ಇದರ ಕಟ್ಟುಪಾಡು ಮತ್ತು ವಂತಿಗೆಯ ವಿರುದ್ಧ ತಿರುಗಿ ಬಿದ್ದು ಬೆಂಗಳೂರಿಗೆ ನಡೆದರು. ನಾಲೆಯಲ್ಲಿ ನೀರು ಹರಿಯಲು ಶುರುವಾಗುವ ಹೊತ್ತಿಗೇ ನಾಲೆಯ ತೀರ್ಮಾನವನ್ನು ಪ್ರಶ್ನಿಸುವುದೂ ಶುರುವಾಗಿತ್ತು. ನಮ್ಮ ನೀರಾವರಿ ಚರಿತ್ರೆಗಳು ಅಣೆಕಟ್ಟಿಗೆ ಅಧ್ಯಾಯಗಳನ್ನೇ ಮೀಸಲಿಟ್ಟು ಈ ನಡಿಗೆಗೆ ಒಂದು ಸಾಲನ್ನಷ್ಟೇ ಕೊಟ್ಟಿವೆ.

ಊರನ್ನು ಕಾಲುವೆಯ ಜೊತೆಗಿಟ್ಟು ನೋಡಿದ ಮೊದಲ ದೊಡ್ಡ ಕೆಲಸ ಸ್ಕಾರ್ಲೆಟ್ ಎಪ್‌ಸ್ಟೈನ್ ಅವರದು. 1950ರ ದಶಕದ ನಡುವಿನಲ್ಲಿ ಮಂಡ್ಯದ ಬಳಿ ಎರಡು ಹಳ್ಳಿಗಳಲ್ಲಿ ಅವರು ಅಧ್ಯಯನ ನಡೆಸಿದರು. ಪುಸ್ತಕ 1962ರಲ್ಲಿ ಬಂತು. ಅವರು ವಂಗಲ ಎಂದು ಕರೆದ ಊರಿಗೆ ನಾಲೆ ನೀರು ಬಂತು, ದಲೇನ ಎಂದು ಕರೆದ ಊರಿಗೆ ಬರಲಿಲ್ಲ. ನೀರು ಬಂದ ಊರು ಕಬ್ಬು ಬೆಳೆದು ಹಳೆಯ ರೀತಿನೀತಿಗಳನ್ನು ಬಹುಮಟ್ಟಿಗೆ ಹಾಗೇ ಉಳಿಸಿಕೊಂಡಿತು. ನೀರು ಬಾರದ ಊರಿನವರು ಮಂಡ್ಯ ಪೇಟೆಯ ಕೆಲಸ, ವ್ಯಾಪಾರ ಹುಡುಕಿಕೊಂಡು ಹೆಚ್ಚು ಬದಲಾದರು. ಇದು ಇಂದಿಗೂ ಓದಬೇಕಾದ ಪುಸ್ತಕ. ಆದರೆ ದಲೇನಕ್ಕೆ ನೀರು ಏಕೆ ಬರಲಿಲ್ಲ ಎಂಬುದಕ್ಕೆ ಅಲ್ಲಿರುವ ಉತ್ತರ, ಊರು ನಾಲೆಗಿಂತ ಎತ್ತರದಲ್ಲಿತ್ತು ಎಂದಷ್ಟೇ. ನಾಲೆಯನ್ನು ಯಾವ ಮಟ್ಟದಲ್ಲಿ ಎಳೆಯಬೇಕು ಎಂಬುದೂ ಯಾರೋ ಮಾಡಿದ ತೀರ್ಮಾನವೆಂಬುದು ಆಗಿನ ಸಮಾಜಶಾಸ್ತ್ರಕ್ಕೆ ಹೊಳೆಯಲಿಲ್ಲ. ನಂತರದ ಇಪ್ಪತ್ತು ವರ್ಷ ಅರ್ಥಶಾಸ್ತ್ರಜ್ಞರ ಕಾಲ. ಎಷ್ಟು ಎಕರೆಗೆ ನೀರು ಕೊಡಬಹುದಿತ್ತು, ಎಷ್ಟು ಎಕರೆಗೆ ಸಿಕ್ಕಿತು ಎಂಬ ಕೋಷ್ಟಕಗಳು ಬಂದವು. ಆ ಅಂತರ ತುಂಬಲು ಅಚ್ಚುಕಟ್ಟು ಅಭಿವೃದ್ಧಿ ಪ್ರಾಧಿಕಾರಗಳು, ಅಂದರೆ ‘ಕಾಡಾ’ಗಳು ಹುಟ್ಟಿದವು. ತಪ್ಪೆಲ್ಲ ಹೊಲಗಾಲುವೆಯಲ್ಲಿದೆ, ರೈತನ ಅಜ್ಞಾನದಲ್ಲಿದೆ ಎಂಬ ನಂಬಿಕೆಯ ಮೇಲೆ ನಿಂತ ಸಂಸ್ಥೆಗಳು ಅವು. ಮೇಲಿನ ಗೇಟಿನತ್ತ ಅವು ಕಣ್ಣೆತ್ತಿ ನೋಡಲಿಲ್ಲ.

ಆ ನಂಬಿಕೆಯನ್ನು ಒಡೆದವರು ವಿದ್ವಾಂಸರಲ್ಲ, ಮಲಪ್ರಭೆಯ ರೈತರು. ನವಿಲುತೀರ್ಥದ ಅಣೆಕಟ್ಟಿನಿಂದ ನವಲಗುಂದ, ನರಗುಂದ, ಸವದತ್ತಿ ಕಡೆಯ ಎರೆಭೂಮಿಗೆ ನೀರು ಬರುತ್ತದೆಂದು ಕಾಗದದಲ್ಲಿತ್ತು. ಹಲವರ ಹೊಲಕ್ಕೆ ನೀರು ಸರಿಯಾಗಿ ಮುಟ್ಟಲಿಲ್ಲ. ನೀರಿನ ಕರ ಮತ್ತು ಅಭಿವೃದ್ಧಿ ಕರದ ನೋಟಿಸು ಮಾತ್ರ ಮುಟ್ಟಿತು. ನೀರಾವರಿಯನ್ನು ನಂಬಿ ಬೆಳೆದ ಉದ್ದೆಳೆಯ ಹತ್ತಿಯ ಬೆಲೆಯೂ ಕುಸಿದಿತ್ತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ಇಂದಿಗೂ ಆ ದಿನವನ್ನು ರೈತ ಹುತಾತ್ಮ ದಿನವೆಂದು ಆಚರಿಸುತ್ತಾರೆ. ಎಚ್. ಎಸ್. ರುದ್ರಪ್ಪ, ಎನ್. ಡಿ. ಸುಂದರೇಶ್, ಎಂ. ಡಿ. ನಂಜುಂಡಸ್ವಾಮಿಯವರ ರಾಜ್ಯ ರೈತ ಸಂಘ ರೂಪುಗೊಂಡದ್ದು ಈ ಕಾವಿನಲ್ಲಿ. ಎಂ. ವಿ. ನಾಡಕರ್ಣಿಯವರು 1987ರಲ್ಲಿ ಪ್ರಕಟಿಸಿದ ರೈತ ಚಳವಳಿಗಳ ಅಧ್ಯಯನ ಇದನ್ನು ಗಂಭೀರವಾಗಿ ತೆಗೆದುಕೊಂಡಿತು. ಆದರೆ ಆಮೇಲೆ ಬರೆದವರು ಬಹುತೇಕ ಚಳವಳಿಯ ರಾಜಕೀಯದ ಕಡೆಗೆ ಹೊರಳಿದರು: ಬೆಲೆ, ಸಾಲ, ಜಾತಿ, ನಾಯಕತ್ವ. ನೀರು ಬಾರದ ಹೊಲಕ್ಕೂ ಅಭಿವೃದ್ಧಿ ಕರ ಹಾಕಿದ್ದು ಹೇಗೆ, ಯಾವ ಕಚೇರಿಯಲ್ಲಿ ಯಾವ ನಕ್ಷೆ ನೋಡಿ ಹಾಕಿದರು ಎಂಬ ಪ್ರಶ್ನೆ ಹಿಂದೆ ಸರಿಯಿತು. ಮಲಪ್ರಭೆಯ ಅಚ್ಚುಕಟ್ಟಿನ ಬಗ್ಗೆ ಇಂದಿಗೂ ನಮಗೆ ಬೇಕಿರುವುದು ಆ ಪ್ರಶ್ನೆ ಕೇಳುವ ಪುಸ್ತಕ.

ಕಾಲುವೆಯೊಳಗೇ ಇಳಿದು ನೋಡುವ ಪರಂಪರೆ ಬೆಳೆದದ್ದು ರಾಯಚೂರು ಸೀಮೆಯಲ್ಲಿ. ನನ್ನ ತಲೆಮಾರಿನವರು ನೀರನ್ನು ನೋಡಲು ಕಲಿತದ್ದು ಅಲ್ಲಿಯೇ. ಅದಕ್ಕೆ ದಾರಿ ಮಾಡಿದವರಲ್ಲಿ ರಾಬರ್ಟ್ ವೇಡ್ ಒಬ್ಬರು. ದಕ್ಷಿಣ ಭಾರತದ ಕಾಲುವೆಗಳಲ್ಲಿ ಎಂಜಿನಿಯರುಗಳ ವರ್ಗಾವಣೆಗೆ ಹಣ ಕೊಡಬೇಕು, ಆ ಹಣ ಗುತ್ತಿಗೆದಾರರಿಂದ, ರೈತರಿಂದ ಬರಬೇಕು, ಹಾಗಾಗಿ ನೀರು ಅನಿಶ್ಚಿತವಾಗಿದ್ದರೇ ವ್ಯವಸ್ಥೆಗೆ ಲಾಭ ಎಂದು ಅವರು 1982ರಲ್ಲಿ ತೋರಿಸಿದರು. ವೇಡ್ ಅವರ ಆ ಲೇಖನ ಓದಿದ ಮೇಲೆ ಕೊನೆಯ ಭಾಗದ ಒಣಗಿದ ತೂಬನ್ನು ಬರೀ ತಾಂತ್ರಿಕ ಲೋಪವೆಂದು ನೋಡುವುದು ಸಾಧ್ಯವಿರಲಿಲ್ಲ.

ತುಂಗಭದ್ರಾ ಎಡದಂಡೆ ನಾಲೆ 227 ಕಿ.ಮೀ. ಉದ್ದ, ಸುಮಾರು 6 ಲಕ್ಷ ಎಕರೆ ಅಚ್ಚುಕಟ್ಟು. ಬರಪೀಡಿತ ನಾಡಿಗೆ ತೆಳುವಾಗಿ ನೀರು ಹರಡಿ ಜೋಳ, ಹತ್ತಿ, ಶೇಂಗಾ ಉಳಿಸಬೇಕು ಎಂಬುದು ಮೂಲ ಯೋಜನೆ. ಭತ್ತಕ್ಕೆ ಗೊತ್ತುಮಾಡಿದ್ದು ಸಣ್ಣ ಪಾಲು. ಆಗಿದ್ದೇ ಬೇರೆ. ಆಂಧ್ರದ ಕರಾವಳಿಯಿಂದ ಬಂದವರು ಗಂಗಾವತಿ, ಸಿಂಧನೂರು ಕಡೆ ಮೇಲ್ಭಾಗದ ಜಮೀನು ಕೊಂಡು ‘ಕ್ಯಾಂಪು’ಗಳನ್ನು ಕಟ್ಟಿ ಭತ್ತ ಹಾಕಿದರು. ಸ್ಥಳೀಯರೂ ಕಲಿತರು. ಮಾನ್ವಿ, ಸಿರವಾರ, ರಾಯಚೂರಿನ ಹೊಲಗಳು ಕಾಯುತ್ತ ಕುಳಿತವು. ಪೀಟರ್ ಮೊಲ್ಲಿಂಗಾ 1990ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದು ಹಂಚಿಕೆ ನಾಲೆಗಳ ಗುಂಟ ನಡೆದು ಮಾಡಿದ ಕೆಲಸ 2003ರಲ್ಲಿ ಪುಸ್ತಕವಾಯಿತು. ನನ್ನ ದೃಷ್ಟಿಯಲ್ಲಿ ಕರ್ನಾಟಕದ ಒಂದು ಕಾಲುವೆಯ ಬಗ್ಗೆ ಬಂದಿರುವ ಅತ್ಯುತ್ತಮ ಗ್ರಂಥ ಅದೇ. ತೂಬಿನ ಪೈಪು, ಗೇಟು, ಗೇಜು ಇವೆಲ್ಲ ಬರೀ ಕಬ್ಬಿಣ, ಕಾಂಕ್ರೀಟು ಅಲ್ಲ. ಯಾರಿಗೆ ಎಷ್ಟು ಎಂಬ ಸಾಮಾಜಿಕ ತೀರ್ಮಾನ ಅವುಗಳೊಳಗೆ ಸೇರಿಕೊಂಡಿದೆ ಎಂದು ಅವರು ತೋರಿಸಿದರು. ಒಡೆದ ಗೇಟು, ಅಗಲವಾದ ತೂಬು, ಕಿತ್ತುಹೋದ ಬೀಗ ಇವು ಹಿಂದಿನ ಜಗಳಗಳ ದಾಖಲೆ. ಇನ್ನೊಂದು ಮುಖ್ಯ ಮಾತೂ ಅಲ್ಲಿದೆ: ಇಲಾಖೆ ಹೇಳಿಕೊಡದಿದ್ದರೂ ಕೆಲವು ಹಂಚಿಕೆ ನಾಲೆಗಳಲ್ಲಿ ರೈತರೇ ಕೂತು ಮಾತಾಡಿ ಸರದಿ ಕಟ್ಟಿಕೊಂಡಿದ್ದರು, ಅಧಿಕಾರಿಗಳೊಡನೆ ಚೌಕಾಸಿ ಮಾಡಿ ಅದನ್ನು ಉಳಿಸಿಕೊಂಡಿದ್ದರು. ಇದೇ ದಾರಿಯಲ್ಲಿ ಎಶಾ ಶಾ ಅವರು ನಮ್ಮ ಕೆರೆಗಳ ತಂತ್ರಜ್ಞಾನದ ಒಳಗಿನ ಅಧಿಕಾರವನ್ನು ಬಿಡಿಸಿ ತೋರಿಸಿದರು. ಕೆರೆಯೆಂದರೆ ಸಾಮರಸ್ಯವೆಂದು ನಂಬಿಕೊಂಡಿದ್ದವರಿಗೆ ಅದು ಒಳ್ಳೆಯ ಪೆಟ್ಟು.

ಈ ಪರಂಪರೆಯ ಬಲವೆಂದರೆ, ಅದು ರೈತನನ್ನು ಕಳ್ಳನೆಂದೂ ಕರೆಯಲಿಲ್ಲ, ಮುಗ್ಧನೆಂದೂ ಕರೆಯಲಿಲ್ಲ. ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ 133 ಟಿಎಂಸಿ ಅಡಿಯ ಸಾಮರ್ಥ್ಯ 105ರ ಆಸುಪಾಸಿಗೆ ಇಳಿದಿರುವಾಗ, ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಎರಡನೇ ಬೆಳೆಗೆ ನೀರು ಬಿಡುವುದೋ ಬೇಡವೋ ಎಂದು ಗೊತ್ತಾಗುವಾಗ, 69ನೇ ಮೈಲಿನ ಗೇಜಿನಲ್ಲಿ ನೀರಿನ ಮಟ್ಟ ಏರಲಿಲ್ಲವೆಂದು ರಸ್ತೆಯಲ್ಲಿ ಕೂತವರ ಮಾತಿಗೆ ಅರ್ಥ ಹುಡುಕಲು ಬೇಕಾದ ಸಾಧನಗಳನ್ನು ಅದು ಕೊಟ್ಟಿತು.

ಆದರೆ ಅಷ್ಟರಲ್ಲಿ ಕಾಲುವೆಯ ಯಜಮಾನರೇ ಬದಲಾದರು. ಬಚಾವತ್ ನ್ಯಾಯಮಂಡಳಿಯ ತೀರ್ಪಿನಲ್ಲಿ ಸಿಕ್ಕ ಕೃಷ್ಣಾ ನೀರನ್ನು 2000ನೇ ಇಸವಿಯೊಳಗೆ ಬಳಸಿಕೊಳ್ಳುವ ಅವಸರದಲ್ಲಿ, ಬಾಂಡುಗಳ ಮೂಲಕ ಹಣ ಎತ್ತಲು 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಬಂತು. 1998ರಲ್ಲಿ ಕರ್ನಾಟಕ ನೀರಾವರಿ ನಿಗಮ, 2003ರಲ್ಲಿ ಕಾವೇರಿ ನೀರಾವರಿ ನಿಗಮ. ಕಂಪನಿ ಕಾಯ್ದೆಯಡಿ ನೋಂದಣಿಯಾದ, ಸರ್ಕಾರದ ಒಡೆತನದ ಕಂಪನಿಗಳು ಇವು. ನಾಲೆಯ ಆಧುನೀಕರಣ, ಲೈನಿಂಗ್, ಹೊಸ ನಾಲೆ, ಪೈಪು ಎಲ್ಲ ಈಗ ಇವುಗಳ ಆಡಳಿತ ಮಂಡಳಿಯ ಕಡತಗಳು. 2000ದಲ್ಲಿ ನೀರಾವರಿ ಕಾಯ್ದೆ ತಿದ್ದಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಜಾಗ ಕೊಟ್ಟರು. ಹೂಳೆತ್ತುವ, ಕರ ವಸೂಲು ಮಾಡುವ ಕೆಲಸ ಸಂಘಕ್ಕೆ ಬಂತು; ಮೇಲಿನ ಗೇಟಿನ ಕೀಲಿ ಬರಲಿಲ್ಲ. ಹಲವು ಸಂಘಗಳು ಬೋರ್ಡಿನಲ್ಲಷ್ಟೇ ಉಳಿದಿದ್ದರೆ ಅದಕ್ಕೆ ರೈತರ ಉದಾಸೀನವೇ ಕಾರಣವಲ್ಲ. ‘ಸಹಭಾಗಿತ್ವ’ದ ಬಗ್ಗೆ ಈ ಅವಧಿಯಲ್ಲಿ ರಾಶಿ ವರದಿಗಳು ಬಂದವು, ಹೆಚ್ಚಿನವು ಸಾಲ ಕೊಟ್ಟವರಿಗಾಗಿ ಬರೆದವು. ನಿಗಮವೆಂಬ ಕಂಪನಿ ಹೇಗೆ ತೀರ್ಮಾನ ಮಾಡುತ್ತದೆ ಎಂಬುದನ್ನು ಮೊಲ್ಲಿಂಗಾ ತೂಬನ್ನು ನೋಡಿದಷ್ಟು ಹತ್ತಿರದಿಂದ ನೋಡಿದ ಪುಸ್ತಕವನ್ನು ನಾನು ಕಂಡಿಲ್ಲ.

ಈ ಕೊರತೆಯ ಬೆಲೆ ಈಗ ತೆರುತ್ತಿದ್ದೇವೆ. ನಾರಾಯಣಪುರ ಎಡದಂಡೆ ನಾಲೆಯ ಆಧುನೀಕರಣವನ್ನು 2023ರ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದರು. ದೂರದಿಂದಲೇ ಗೇಟು ಏರಿಸಿ ಇಳಿಸುವ ಸ್ವಯಂಚಾಲಿತ ವ್ಯವಸ್ಥೆ ಬಂತು. ನೀರಿನ ಅಳತೆ ನಿಖರವಾಗುವುದು ಒಳ್ಳೆಯದೇ. ಆದರೆ ಗೇಟಿನ ಬಳಿ ಇದ್ದ ಗ್ಯಾಂಗ್‌ಮನ್ ಜೊತೆ ಮಾತಾಡಬಹುದಿತ್ತು, ಸೆಕ್ಷನ್ ಆಫೀಸರ್ ಎದುರು ಕೂರಬಹುದಿತ್ತು. ನಿಯಂತ್ರಣ ಕೊಠಡಿಯ ಪರದೆಯ ಮೇಲಿನ ಅಂಕಿಯನ್ನು ಊರಿನವರು ಯಾವ ಸಭೆಯಲ್ಲಿ ಪ್ರಶ್ನಿಸಬೇಕು?

ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಈ ಪ್ರಶ್ನೆಯ ಅತಿ ಸ್ಪಷ್ಟ ರೂಪ. ತುಮಕೂರು ಶಾಖಾ ನಾಲೆಯ ಮೇಲ್ಭಾಗದಿಂದ ಸುಮಾರು 35 ಕಿ.ಮೀ. ಪೈಪು ಎಳೆದು ಕುಣಿಗಲ್ ಕಡೆಗೆ ನೇರವಾಗಿ ನೀರು ಒಯ್ಯುವ, ಸುಮಾರು ಸಾವಿರ ಕೋಟಿ ರೂಪಾಯಿಯ ಕಾಮಗಾರಿ. 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ನಿಷೇಧಾಜ್ಞೆಯ ನಡುವೆಯೂ ಸಾವಿರಾರು ರೈತರು ಸೇರಿ, ಪೈಪಿಗೆ ತೋಡಿದ್ದ ಜಾಗಕ್ಕೆ ಮಣ್ಣು ತಳ್ಳಿದರು. ಸುದ್ದಿಯಲ್ಲಿ ಇದು ಗುಬ್ಬಿಗೂ ಕುಣಿಗಲ್‌ಗೂ ಜಗಳ, ಒಂದು ಪಕ್ಷಕ್ಕೂ ಇನ್ನೊಂದು ಪಕ್ಷಕ್ಕೂ ಜಗಳ. ಕುಣಿಗಲ್ ನಾಲೆಯ ಕೊನೆಯ ಭಾಗ. ಅದರ ಪಾಲಿನ ನೀರು ಸರಿಯಾಗಿ ಸಿಕ್ಕಿಲ್ಲವೆಂಬುದು ನಿಜವಾದ ದೂರು. ಗುಬ್ಬಿ, ತುಮಕೂರು ಕಡೆಯವರ ಭಯವೂ ನಿಜ: ನಾಲೆಯ ನೀರಿನಿಂದ ಅವರ ಕೆರೆ ತುಂಬುತ್ತದೆ, ಕೆರೆಯಿಂದ ಬೋರ್‌ವೆಲ್ ಬದುಕುತ್ತದೆ, ತೆಂಗು, ಅಡಿಕೆ ನಿಲ್ಲುತ್ತವೆ, ನಾಲೆಯಲ್ಲಿ ನೀರು ಕಡಿಮೆಯಾದ ವರ್ಷ ಪೈಪಿಗೆ ಮೊದಲು ಹೋಗುತ್ತದೋ ತಮ್ಮ ಕೆರೆಗೋ ಎಂಬುದಕ್ಕೆ ಅವರಲ್ಲಿ ಖಾತ್ರಿಯಿಲ್ಲ. ಇಬ್ಬರನ್ನೂ ಎದುರಿಗೆ ಕೂರಿಸಿ, ನೀರಿನ ಲೆಕ್ಕ ಮುಂದಿಟ್ಟು, ಇರುವ ನಾಲೆಯನ್ನೇ ಸರಿಪಡಿಸಿದರೆ ಕುಣಿಗಲ್‌ಗೆ ಎಷ್ಟು ಮುಟ್ಟುತ್ತದೆ ಎಂದು ಮೊದಲು ಕೇಳಬೇಕಿತ್ತು. ಅದೇ ವರ್ಷ ಭದ್ರಾ ಬಲದಂಡೆ ನಾಲೆಯನ್ನು ಸೀಳಿ ಕುಡಿಯುವ ನೀರು ಒಯ್ಯುವ ಕಾಮಗಾರಿಗೆ ದಾವಣಗೆರೆ ಕಡೆಯ ಅಚ್ಚುಕಟ್ಟಿನವರು ಬೀದಿಗಿಳಿದಾಗಲೂ ಕಥೆ ಹೀಗೆಯೇ ಇತ್ತು. ಅಲ್ಲಿ ಕುಡಿಯುವ ನೀರು ಕೇಳಿದವರನ್ನೂ ಭತ್ತ ಬೆಳೆಯುವವರನ್ನೂ ಎದುರುಬದುರು ನಿಲ್ಲಿಸಲಾಯಿತು. ಕಾಮಗಾರಿಯ ತೀರ್ಮಾನ ಮಾಡಿದವರು ಎರಡೂ ಗುಂಪಿನ ನಡುವೆ ಕಾಣಿಸಲಿಲ್ಲ.

ನಮ್ಮ ಅಧ್ಯಯನಗಳಲ್ಲಿ ಇನ್ನೂ ಇಲ್ಲದ್ದು ಬಹಳ. ಲೈನಿಂಗ್ ಮಾಡಿದ ಮೇಲೆ ಬಸಿನೀರು ನಿಂತು ಬತ್ತಿದ ಬಾವಿಗಳ ಲೆಕ್ಕವನ್ನು ‘ಉಳಿಸಿದ ನೀರಿನ’ ಲೆಕ್ಕದಿಂದ ಯಾರೂ ಕಳೆದಿಲ್ಲ. ಗಂಗಾವತಿ, ಸಿಂಧನೂರಿನ ಸವಳು-ಜವಳು ಭೂಮಿಯ ಬಗ್ಗೆ ಕೃಷಿ ವಿಜ್ಞಾನಿಗಳು ಬರೆದಿದ್ದಾರೆ. ಅದು ನೀರು ಹಂಚಿಕೆಯ ಪ್ರಶ್ನೆ ಕೂಡ ಎಂದು ಸಮಾಜಶಾಸ್ತ್ರ ಒಪ್ಪಿಕೊಂಡಿದ್ದು ಕಡಿಮೆ. ಭೂಮಿಯಿಲ್ಲದ ಹೆಂಗಸರಿಗೆ ನಾಲೆ ನೀರೆಂದರೆ ನಾಟಿಯ ಕೂಲಿ, ಕಳೆಯ ಕೂಲಿ. ರಾಯಚೂರಿನ ಎಷ್ಟೋ ಊರುಗಳಿಗೆ ಅದೇ ನೀರು ಕುಡಿಯುವ ನೀರಿನ ಕೆರೆಯನ್ನು ತುಂಬಿಸುತ್ತದೆ. ಎರಡನೇ ಬೆಳೆಗೆ ನೀರಿಲ್ಲವೆಂದು ಸಭೆಯಲ್ಲಿ ತೀರ್ಮಾನವಾದ ಮರುವಾರ ಬೆಂಗಳೂರಿನ ಬಸ್ಸು ಹತ್ತುವವರು ಯಾವ ಅಚ್ಚುಕಟ್ಟಿನ ಪಟ್ಟಿಯಲ್ಲೂ ಇಲ್ಲ. ಅಚ್ಚುಕಟ್ಟುದಾರನಲ್ಲದವನಿಗೆ ಸಲಹಾ ಸಮಿತಿಯಲ್ಲಿ ಬಾಯಿಲ್ಲ, ಪುಸ್ತಕದಲ್ಲೂ ಇಲ್ಲ.

ಇದಕ್ಕಿಂತ ದೊಡ್ಡ ಕೊರತೆ ಕನ್ನಡದ್ದು. ಮೇಲೆ ಹೆಸರಿಸಿದ ಪುಸ್ತಕಗಳೆಲ್ಲ ಇಂಗ್ಲಿಷಿನವು. ಕೊನೆಯ ಭಾಗದ ಊರುಗಳಲ್ಲಿ ಮಾತ್ರ ಎಲ್ಲವೂ ಕನ್ನಡದಲ್ಲೇ ಇದೆ: ಕಾರ್ಯಪಾಲಕ ಎಂಜಿನಿಯರಿಗೆ ಬರೆದ ಮನವಿಗಳ ನಕಲು, ನೀರು ಬಳಕೆದಾರರ ಸಂಘದ ನಡಾವಳಿ ಪುಸ್ತಕ, ಸರದಿ ಬರೆದಿಟ್ಟ ನೋಟ್‌ಬುಕ್ಕು, ಧರಣಿಗೆ ಎತ್ತಿದ ವಂತಿಗೆಯ ಲೆಕ್ಕ, ಮಾಹಿತಿ ಹಕ್ಕಿನಲ್ಲಿ ಪಡೆದ ಗೇಜ್ ಅಂಕಿಗಳು. ಇವು ಹಳೆಯ ಟ್ರಂಕುಗಳಲ್ಲಿವೆ, ಪಂಚಾಯಿತಿಯ ಬೀರುಗಳಲ್ಲಿವೆ, ಹೋರಾಟಗಾರರು ತೀರಿಕೊಂಡ ಮೇಲೆ ರದ್ದಿಗೆ ಹೋಗುತ್ತಿವೆ. ರಾಯಚೂರು, ಧಾರವಾಡ, ತುಮಕೂರು, ದಾವಣಗೆರೆ ವಿಶ್ವವಿದ್ಯಾಲಯಗಳ ಕನ್ನಡ, ಸಮಾಜಶಾಸ್ತ್ರ, ಇತಿಹಾಸ ವಿಭಾಗಗಳು ಒಂದೊಂದು ಹಂಚಿಕೆ ನಾಲೆಯನ್ನು ಆರಿಸಿಕೊಂಡು ಈ ಕಾಗದಗಳನ್ನು ಕಲೆಹಾಕಲಿ, ಪ್ರತಿ ಮಾಡಿಸಿ ಊರಿಗೆ ಮರಳಿಸಲಿ. ಮುಂದಿನ ಬಾರಿ ನಿಗಮವೊಂದು ನಾಲೆಯ ದಾರಿ ಬದಲಿಸಲು ಹೊರಟಾಗ, ಆ ಕಾಗದಗಳನ್ನು ಹಿಡಿದುಕೊಂಡು ಸಭೆಗೆ ಹೋಗುವ ಹಕ್ಕು ಊರಿನವರಿಗಿದೆ.