ಅಂಗಡಿಯ ಅಂಕಿ, ಮೈಯ ಅಳತೆ

ಸೀರೆಗೆ ಉದ್ದವುಂಟು, ಅಗಲವುಂಟು. ಉಡುವವರ ಮೈಗೆ ಹೊಂದಿಸಿದ ನಂಬ್ರವಿಲ್ಲ. ಮುಂಡಿಗೂ ಅಷ್ಟೆ. ಅಜ್ಜಿಯ ಸೀರೆ ಮೊಮ್ಮಗಳಿಗೂ ಒಪ್ಪುತ್ತದೆ. ರವಕೆಗೆ ಟೈಲರನ ಟೇಪು ಬೇಕಾದರೂ ಅಲ್ಲಿ ಅಳತೆ ಮೈಯಿಂದ ಬಟ್ಟೆಗೆ ಹೋಗುತ್ತಿತ್ತು. ಸಿದ್ಧ ಉಡುಪು ಬಂದ ಮೇಲೆ ಕ್ರಮ ತಿರುಗಿತು: ಅಂಕಿ ಮೊದಲು, ಮೈ ಆಮೇಲೆ. ಈಜುಡುಗೆಯಲ್ಲಿ ಇದು ಎದ್ದು ಕಾಣುತ್ತದೆ. ಅಲ್ಲಿ ನೆರಿಗೆ ಹಿಡಿಯಲು, ಸೆರಗು ಹೊದೆಯಲು ಎಡೆಯಿಲ್ಲ.

ನಮ್ಮ ಮನೆಯ ಹುಡುಗಿಯೊಬ್ಬಳಿಗೆ ಈಜು ಕಲಿಯುವ ಉಮೇದು ಬಂದಾಗ ಅವಳೊಡನೆ ನಾನೂ ಮಂಗಳೂರಿನ ಅಂಗಡಿಗೆ ಹೋದೆ. ಒಬ್ಬ ತಯಾರಕನ 32 ಸರಿಯಾಯಿತು. ಇನ್ನೊಬ್ಬನ 34 ಬಿಗಿಯಾಯಿತು. ಮೂರನೆಯದರಲ್ಲಿ ಬರಿಯ ‘ಎಂ’ ಎಂದಿತ್ತು. “ದೊಡ್ಡಮ್ಮಾ, ನಾನು ದಪ್ಪ ಆದೆನಾ?” ಎಂದಳು. ದಪ್ಪವಾದದ್ದು ಅವಳಲ್ಲ, ಬದಲಾದದ್ದು ಅಂಕಿ ಎಂಬುದಕ್ಕೆ ಚರಿತ್ರೆಯೇ ಸಾಕ್ಷಿ.

ಅಮೆರಿಕದಲ್ಲಿ 1939-40ರಲ್ಲಿ ಅಲ್ಲಿನ ಕೃಷಿ ಇಲಾಖೆ ಸುಮಾರು 15,000 ಹೆಂಗಸರನ್ನು ಅಳೆಯಿಸಿತು. ಒಬ್ಬೊಬ್ಬರಿಗೆ 59 ಅಳತೆಗಳು. ರೂತ್ ಓಬ್ರಿಯನ್ ಮತ್ತು ವಿಲಿಯಂ ಶೆಲ್ಟನ್ ಸಿದ್ಧಪಡಿಸಿದ ವರದಿ 1941ರಲ್ಲಿ ಪ್ರಕಟವಾಯಿತು. ಆದರೆ ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಹೆಂಗಸರನ್ನು ಮಾತ್ರ. ಈ ಅಳತೆಗಳ ಆಧಾರದಲ್ಲಿ 1958ರಲ್ಲಿ ಒಂದು ಪ್ರಮಾಣಪಟ್ಟಿ ಹೊರಬಂತು. ಅದರಲ್ಲಿ 8ನೆಯ ನಂಬ್ರದ ಎದೆಸುತ್ತು 31 ಇಂಚು. ಒಪ್ಪಲೇಬೇಕೆಂಬ ಕಡ್ಡಾಯವಿಲ್ಲದ ಆ ಪ್ರಮಾಣವನ್ನು 1983ರಲ್ಲಿ ಹಿಂದೆಗೆದುಕೊಂಡರು. 1995ರಲ್ಲಿ ಪ್ರಮಾಣ ಸಂಸ್ಥೆಯೊಂದು ಹೊರತಂದ ಪಟ್ಟಿಯಲ್ಲಿ ಅದೇ 8ಕ್ಕೆ ಎದೆಸುತ್ತು 35 ಇಂಚು! ಜನರ ಮೈ ಬೆಳೆದದ್ದು ಒಂದು ಕಾರಣ. ಚಿಕ್ಕ ಅಂಕಿ ಕಂಡರೆ ಗಿರಾಕಿ ಸಂತೋಷಪಡುತ್ತಾರೆಂಬ ವ್ಯಾಪಾರಿ ಬುದ್ಧಿ ಇನ್ನೊಂದು.

ಈಜುಡುಗೆಯ ಬಟ್ಟೆಯೂ ಬದಲಾಯಿತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಹೆಂಗಸರು ಮೊದಲ ಬಾರಿಗೆ ಈಜಿದರು. ಆ ಕಾಲದ ಉಣ್ಣೆಯ ಈಜುಡುಗೆ ನೀರು ಕುಡಿದು ಭಾರವಾಗಿ ಜೋಲುತ್ತಿತ್ತು. 1958ರಲ್ಲಿ ಡ್ಯೂಪಾಂಟ್ ಕಂಪೆನಿಯ ಜೋಸೆಫ್ ಶಿವರ್ಸ್ ರಬ್ಬರಿನಂತೆ ಹಿಗ್ಗುವ ನೂಲನ್ನು ಕಂಡುಹಿಡಿದ ಮೇಲೆ ಬಟ್ಟೆ ಮೈಗೆ ಅಂಟಿಕೊಂಡಿತು. ಆದರೂ ಅದು ಹಿಗ್ಗುವುದಕ್ಕೆ ಮಿತಿಯುಂಟು. ಎತ್ತರದ ಹುಡುಗಿಗೆ ಎದೆಯ ಅಂಕಿ ಸರಿಯಾದರೂ ಹೆಗಲು ಎಳೆಯುವುದು ಇದರಿಂದಲೇ.

ಅಳತೆಯ ಗೊಂದಲ ನಮ್ಮ ಹಿರಿಯರಿಗೆ ಹೊಸತಲ್ಲ. ಊರಿಂದೂರಿಗೆ ಬೇರೆಯಾಗುವ ಸೇರನ್ನೂ ಮುಡಿಯನ್ನೂ ಅವರು ಕಂಡವರು. ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ತೂಕ-ಅಳತೆಗಳ ಕಾಯಿದೆ ಬಂದು, ಕಿಲೋ ಮೀಟರುಗಳಿಗೆ ದೇಶವೆಲ್ಲ ಒಂದೇ ಅರ್ಥವಾಯಿತು. ಉಡುಪಿನ ನಂಬ್ರಕ್ಕೆ ಅಂಥ ಕಾವಲು ಇರಲಿಲ್ಲ. ಭಾರತೀಯರ ಮೈಕಟ್ಟಿಗೆ ಹೊಂದುವ ಪಟ್ಟಿಗಾಗಿ 25,000 ಮಂದಿಯನ್ನು ಅಳೆಯುವ ‘ಇಂಡಿಯಾ ಸೈಝ್’ ಯೋಜನೆ ಘೋಷಣೆಯಾದದ್ದೇ 2018ರಲ್ಲಿ.

ಆದುದರಿಂದ ತಾಯಂದಿರಲ್ಲಿ ನನ್ನದೊಂದು ಅರಿಕೆ. ಅಂಗಡಿಗೆ ಹೋಗುವ ಮೊದಲು ಎದೆ, ಸೊಂಟ, ನಿತಂಬಗಳ ಸುತ್ತಳತೆ ತೆಗೆಯಿರಿ. ಹೆಗಲಿನಿಂದ ಕಾಲಸಂದಿಯ ಮೂಲಕ ಬಳಸಿ ಮತ್ತೆ ಹೆಗಲಿಗೆ ಬರುವ ಉದ್ದವನ್ನೂ ಬರೆದಿಟ್ಟುಕೊಂಡು, ಆಯಾ ತಯಾರಕನ ಪಟ್ಟಿಗೆ ಹೋಲಿಸಿ. ಹೊಳೆ, ಕಡಲುಗಳ ನಡುವೆ ಬೆಳೆಯುವ ಮಕ್ಕಳಿಗೆ ಈಜು ಬರಲೇಬೇಕು. ಎಲ್ಲೋ ಯಾರೋ ಹಾಕಿದ ಅಂಕಿಗೆ ನಾಚಿ ಒಂದು ಹುಡುಗಿಯೂ ದಡದಲ್ಲಿ ಉಳಿಯಬಾರದು.