ಕಡ್ಡಿಗೆ ಬೇರು ಬಂದ ಬಗೆ

ಹಿಪ್ಪುನೇರಳೆ ಕಡ್ಡಿ ನೆಟ್ಟವರೆಲ್ಲ ಒಮ್ಮೆಯಾದರೂ ಮೋಸ ಹೋಗಿರುತ್ತಾರೆ. ನೆಟ್ಟ ಕೆಲವೇ ದಿನಕ್ಕೆ ಕಣ್ಣೊಡೆದು ಎಳೆ ಎಲೆ ಬರುತ್ತದೆ. ಕಡ್ಡಿ ಹಿಡಿಯಿತೆಂದು ನೆಮ್ಮದಿ. ಆ ಚಿಗುರು ಬಂದದ್ದು ಕಡ್ಡಿಯೊಳಗೆ ಕೂಡಿಟ್ಟಿದ್ದ ಆಹಾರದಿಂದ, ಮಣ್ಣಿನಿಂದಲ್ಲ. ಬುಡದಲ್ಲಿ ಬೇರು ಒಡೆಯದಿದ್ದರೆ ಆ ಕೂಡಿಟ್ಟ ಗಂಟು ಕರಗಿದ ಮೇಲೆ ಬಾಡಿ ನಿಲ್ಲುತ್ತದೆ. ಕೊಳ್ಳೇಗಾಲ ಸೀಮೆಯ ರೇಷ್ಮೆಯ ಕಥೆಯನ್ನು ಹುಳು, ಗೂಡು, ಸೀರೆಯಿಂದ ಶುರುಮಾಡುವುದು ರೂಢಿ. ನನಗೆ ಅದು ಬೇರಿನ ಕಥೆಯಾಗಿ ಕಾಣುತ್ತದೆ.

1956ರ ನವೆಂಬರ್‌ವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹನೂರು ಅದರೊಳಗೇ, ಬೇರೆ ತಾಲ್ಲೂಕಾದದ್ದು ತೀರ ಈಚೆಗೆ. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮಾತ್ರ ಮೈಸೂರಿನದು. ಆಡಳಿತ ಎರಡಾದರೂ ರೈತನ ಕೈಯ ಕೆಲಸ ಒಂದೇ. ಮೂರಡಿಗೊಂದು ಗುಂಡಿ, ಗುಂಡಿಗೆ ತ್ರಿಕೋನದ ಮೂಲೆಗೊಂದರಂತೆ ಮೂರು ಕಡ್ಡಿ. ಲೆಕ್ಕ ಹಾಕಿ: ಎಕರೆಗೆ 4,840 ಗುಂಡಿ, ಹದಿನಾಲ್ಕು ಸಾವಿರಕ್ಕೂ ಮಿಕ್ಕಿ ಕಡ್ಡಿ. ಮೂರರಲ್ಲಿ ಒಂದಾದರೂ ಬದುಕಲಿ ಎಂಬ ಲೆಕ್ಕಾಚಾರ. ಮೈಸೂರು ಲೋಕಲ್ ಎಂದು ಪುಸ್ತಕ ಸೇರಿದ ನಾಟಿ ತಳಿ ಸುಲಭವಾಗಿ ಬೇರು ಬಿಡುತ್ತಿದ್ದರಿಂದ ಇದು ನಡೆಯಿತು. ಬೀಜ ಬಿತ್ತಿದರೆ ಒಂದೊಂದು ಗಿಡ ಒಂದೊಂದು ಬಗೆ. ತಾಯಿಯ ಗುಣ ಉಳಿಯಬೇಕಾದರೆ ಕಡ್ಡಿಯೇ ಗತಿ.

ಚನ್ನಪಟ್ಟಣದ ಬಳಿಯ ಕಣ್ವ ಫಾರ್ಮಿನಲ್ಲಿ ಇದೇ ನಾಟಿಯಿಂದ ಆರಿಸಿದ ಕಣ್ವ-2, ನೀರಾವರಿ ತೋಟಗಳಿಗೆ ಬಂದ ಮೊದಲ ದೊಡ್ಡ ಬದಲಾವಣೆ. ರೈತರ ಬಾಯಲ್ಲಿ ಅದು ಎಂ-5. 1961ರಲ್ಲಿ ಮೈಸೂರಿನಲ್ಲಿ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ ಶುರುವಾದ ಮೇಲೆ ತಳಿಗಳ ಸಾಲೇ ಬಂತು. ಮಳೆಯಾಶ್ರಯದ ಕೆಂಪು ಮಣ್ಣಿಗೆ ಎಸ್-13, ಎರೆಗೆ ಎಸ್-34. ಹನೂರಿನಂಥ ಒಣಸೀಮೆಗೆ ಹೇಳಿಮಾಡಿಸಿದಂಥವು.

ಎಸ್-36 ಬಂದಾಗ ಆದದ್ದೇ ಬೇರೆ. ಮೃದು ಎಲೆ, ಚಾಕಿಯ ಎಳೆ ಹುಳುವಿಗೆ ಆಗ ಅಂಥದ್ದು ಇನ್ನೊಂದಿರಲಿಲ್ಲ. ಆದರೆ ಕಡ್ಡಿ ಬೇರು ಬಿಡಲು ಹಟ ಮಾಡುತ್ತಿತ್ತು. ಅರ್ಧಕ್ಕರ್ಧ ಮಡಿಯಲ್ಲೇ ಕೊಳೆತದ್ದುಂಟು. 1997ರಲ್ಲಿ ಬಿಡುಗಡೆಯಾದ ವಿ-1 ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬೇರೂರಿತು. ಎಲೆಯ ಇಳುವರಿಯೂ ಜಾಸ್ತಿ, ನಿಜ. ಆದರೂ ಅದು ಊರೂರು ಹಬ್ಬಿದ್ದಕ್ಕೆ ಅರ್ಧ ಕಾರಣ ಅದರ ಬೇರು ಎಂದೇ ನನ್ನ ಅಂದಾಜು. ವಿಜ್ಞಾನಿ ಎಲೆ ತೂಗುತ್ತಾನೆ, ರೈತ ಸತ್ತ ಕಡ್ಡಿ ಎಣಿಸುತ್ತಾನೆ.

ಈಗ ಗುಂಡಿಗೆ ನೇರ ಕಡ್ಡಿ ನೆಡುವವರು ಕಡಿಮೆ. ಕೆಲಸವೆಲ್ಲ ಸಸಿಮಡಿಯಲ್ಲಿ. ಆರರಿಂದ ಎಂಟು ತಿಂಗಳು ಬಲಿತ, ಪೆನ್ಸಿಲ್ ದಪ್ಪದ ರೆಂಬೆ. ಬುಡ, ತುದಿ ಬಿಟ್ಟು ನಡುವಿನದು. ಗೇಣುದ್ದಕ್ಕೆ ಮೂರು ನಾಲ್ಕು ಕಣ್ಣು ಇರುವಂತೆ, ಸಿಪ್ಪೆ ಸೀಳದ ಹಾಗೆ ಒಂದೇ ಏಟಿಗೆ ಕತ್ತರಿಸಬೇಕು. ಓರೆಯಾಗಿ ಊರಿದಾಗ ಒಂದು ಕಣ್ಣು ಮಾತ್ರ ಮೇಲೆ ಕಾಣಬೇಕು. ತಲೆಕೆಳಗಾಗಿ ಊರುವವರು ಇಂದಿಗೂ ಇದ್ದಾರೆ! ಮೂರ್ನಾಲ್ಕು ತಿಂಗಳಿಗೆ ಸಸಿ ಸಿದ್ಧ. ಗಿಡವನ್ನು ಮರವಾಗಿ ಬೆಳೆಸುವ ಮರಗಡ್ಡಿ ಬೇಸಾಯಕ್ಕಾದರೆ ಇನ್ನೂ ಬಲಿತ ಸಸಿ ಬೇಕು. ಹತ್ತಡಿ ಅಂತರದಲ್ಲಿ ಎಕರೆಗೆ 435 ಸಾಕು. ಹದಿನಾಲ್ಕು ಸಾವಿರದಿಂದ ನಾನೂರಕ್ಕೆ ಇಳಿದ ಲೆಕ್ಕವಿದು. ಹಾಗಾಗಿ ಒಂದು ಸಸಿ ಸತ್ತರೂ ಈಗ ಕಣ್ಣಿಗೆ ಹೊಡೆಯುತ್ತದೆ.

ತಾಯಿ ಗಿಡದ ಕಡೆ ಮಾತ್ರ ಯಾರ ಗಮನವೂ ಸಾಲದು. ಎಲೆ ಕೊಯ್ದು ಸುಸ್ತಾದ ತೋಟದ ರೆಂಬೆಯನ್ನೇ ಕಡ್ಡಿಗೆ ಕೊಡುವುದು ವಾಡಿಕೆ. ತುಕ್ರಾ ಎಂಬ ಎಲೆಮುದುರು ತರುವ ಹಿಟ್ಟು ತಿಗಣೆ ಕಡ್ಡಿಯ ಜೊತೆಗೇ ಪಯಣಿಸುತ್ತದೆ, ಬೇರುಗಂಟಿನ ಜಂತುಹುಳು ಸಸಿಯ ಬುಡದ ಮಣ್ಣಿನ ಜೊತೆ. ಕಡ್ಡಿಗೆಂದೇ ನಾಲ್ಕು ಸಾಲು ಬೇರೆ ಬಿಟ್ಟು, ಎಲೆ ಕೊಯ್ಯದೆ, ಗೊಬ್ಬರ ನೀರು ಕೊಟ್ಟು ಕಾಯುವುದು ದೊಡ್ಡ ಖರ್ಚಿನದಲ್ಲ.

ಈ ಮುಂಗಾರಿಗೆ ಸಸಿ ಕೊಳ್ಳುವವರಿಗೊಂದು ಮಾತು: ಚಿಗುರು ನೋಡಿ ದುಡ್ಡು ಎಣಿಸಬೇಡಿ. ಮಡಿಯ ನಡುವಿನಿಂದ ಎರಡು ಸಸಿ ಕೀಳಿಸಿ, ಬುಡ ತೊಳೆದು ನೋಡಿ.