ತಂತಿಯ ಉದ್ದ, ಬೆಟ್ಟದ ದೂರ

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಸುಮಾರು 24 ಕಿಲೋಮೀಟರು ದಾರಿ. ಬಸ್ಸು ಹತ್ತುವ ಭಕ್ತರಿಗೆ ಇದೇನು ಮಹಾ ದೂರವಲ್ಲ. ತಾಮ್ರದ ತಂತಿಯಲ್ಲಿ ಬರಬೇಕಾದ ಅಂತರ್ಜಾಲಕ್ಕಾದರೋ ದಾಟಲಾಗದ ದೂರ.

ಟೆಲಿಫೋನ್ ಎಕ್ಸ್‌ಚೇಂಜುಗಳನ್ನು ಕಟ್ಟಿದವರು ಲೆಕ್ಕ ಹಾಕಿದ್ದು ಮನುಷ್ಯನ ಮಾತಿಗೆ. ಮಾತಿಗೆ ಬೇಕಾದ ಕಂಪನಗಳು ಸೆಕೆಂಡಿಗೆ 300ರಿಂದ 3,400ರೊಳಗೆ ಮುಗಿಯುತ್ತವೆ. ತಂತಿ ಉದ್ದವಾದರೂ ಹೇಗೋ ತಲುಪುತ್ತವೆ. 1980ರ ದಶಕದ ಕೊನೆಗೆ ಅಮೆರಿಕದ ಜೋಸೆಫ್ ಲೆಕ್‌ಲೈಡರ್ ಮೊದಲಾದವರು, ಮಾತು ಬಳಸದೆ ಬಿಟ್ಟ ಮೇಲಿನ ಕಂಪನಗಳಲ್ಲಿ ಮಾಹಿತಿಯನ್ನೂ ಸಾಗಿಸುವ ಬಗೆಯನ್ನು ಕಂಡುಕೊಂಡರು. ಆದರೆ ಕಂಪನ ಏರಿದಷ್ಟೂ ತಾಮ್ರ ಅದನ್ನು ಬೇಗ ನುಂಗುತ್ತದೆ. ನಾಲ್ಕೈದು ಕಿಲೋಮೀಟರು ಕಳೆದರೆ ಉಳಿಯುವುದು ಅತ್ಯಲ್ಪ. ಆದ್ದರಿಂದ ಡಿಎಸ್‌ಲ್ಯಾಮ್ ಎಂಬ ಬ್ರಾಡ್‌ಬ್ಯಾಂಡ್ ಯಂತ್ರ ಎಕ್ಸ್‌ಚೇಂಜಿನೊಳಗೆ, ಮನೆಮನೆಯ ತಂತಿಗಳು ಬಂದು ಸೇರುವಲ್ಲಿಯೇ ಇರಬೇಕಾಯಿತು. ತಪ್ಪಿದರೆ ಕೇರಿಯ ರಸ್ತೆಬದಿಯ ಪೆಟ್ಟಿಗೆಯೊಳಗೆ. ಇಲ್ಲಿ ಅಳೆಯತಕ್ಕದ್ದು ನಕ್ಷೆಯ ಮೇಲಿನ ದೂರವನ್ನಲ್ಲ, ಕಂಬದಿಂದ ಕಂಬಕ್ಕೆ ಸುತ್ತಿ ಬರುವ ತಂತಿಯ ಉದ್ದವನ್ನು.

ಯಂತ್ರ ಎಲ್ಲಿರಬೇಕೆಂಬುದು ಹೀಗೆ ತೀರ್ಮಾನವಾಯಿತು. ಯಾರ ಯಂತ್ರ ಇರಬೇಕೆಂಬ ವ್ಯಾಜ್ಯ ಮಾತ್ರ ತೀರಲಿಲ್ಲ. ಅಮೆರಿಕದ 1996ರ ಕಾಯಿದೆ ಹಳೆಯ ಟೆಲಿಫೋನ್ ಕಂಪನಿಗಳ ಕಟ್ಟಡಗಳಲ್ಲಿ ಪ್ರತಿಸ್ಪರ್ಧಿಗಳಿಗೂ ಜಾಗ ಕೊಡಿಸಿತು. ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೂ ತಾಮ್ರದ ತಂತಿಯನ್ನು ಇತರರಿಗೆ ತೆರೆಯಬೇಕೆಂದು 2004ರಲ್ಲಿ ಶಿಫಾರಸು ಮಾಡಿತು. ಅದೇ ವರ್ಷದ ಅಕ್ಟೋಬರಿನ ಬ್ರಾಡ್‌ಬ್ಯಾಂಡ್ ನೀತಿ ಅದನ್ನು ಕಡ್ಡಾಯ ಮಾಡದೆ ಪರಸ್ಪರ ಒಪ್ಪಂದಕ್ಕೆ ಬಿಟ್ಟಿತು. ಒಪ್ಪಂದಕ್ಕೆ ಬಿಡುವುದೆಂದರೆ ಬೀಗದ ಕೈ ಯಾರಲ್ಲಿದೆಯೋ ಅವರಿಗೇ ಬಿಟ್ಟಂತಲ್ಲವೆ? 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಸೇವೆ ಆರಂಭಿಸಿತು. ಖಾಸಗಿಯವರು ಪಟ್ಟಣಗಳಲ್ಲಿ ತಮ್ಮದೇ ತಂತಿ ಎಳೆದುಕೊಂಡರು. ಕಾಡಿಗೆ ಯಾರು ಎಳೆದಾರು?

ಎಕ್ಸ್‌ಚೇಂಜನ್ನೇ ಹಳ್ಳಿಗೆ ಒಯ್ಯುವ ಸಾಹಸವೂ ಕನ್ನಡನಾಡಿನಲ್ಲಿಯೇ ಮೊದಲಾದದ್ದು ಒಂದು ಸ್ವಾರಸ್ಯ: ಸಿ-ಡಾಟ್ ಸಂಸ್ಥೆಯ 128 ಸಂಪರ್ಕಗಳ ಪುಟ್ಟ ಯಂತ್ರ 1986ರಲ್ಲಿ ಕಿತ್ತೂರಿನಲ್ಲಿ ಕೆಲಸಕ್ಕೆ ತೊಡಗಿತು. ಹವಾನಿಯಂತ್ರಣವೂ ಅದಕ್ಕೆ ಬೇಡ. ಆದರೆ ಬೆಟ್ಟದ ನೆತ್ತಿಯ ಮೇಲೆಯೇ ಯಂತ್ರವಿಟ್ಟರೂ ದೇವಸ್ಥಾನದ ಬೀದಿಗೆ ಸಮೀಪವಾದದ್ದು ಸೋಲಿಗರ ಪೋಡುಗಳಿಗೆ ಸಮೀಪವಾಗದು. ಅವು ಕಾಡಿನೊಳಗೆ ಚದುರಿವೆ.

2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎನಿಸಿದ ಯೋಜನೆ ತಾಮ್ರವನ್ನು ಬಿಟ್ಟು ಗಾಜಿನೆಳೆಯನ್ನು ಹಿಡಿಯಿತು. ತಾಲ್ಲೂಕಿನ ಎಕ್ಸ್‌ಚೇಂಜಿನಲ್ಲಿ ಒಂದು ತುದಿ, ಗ್ರಾಮಪಂಚಾಯಿತಿಯಲ್ಲಿ ಇನ್ನೊಂದು. ನಡುವೆ 20 ಕಿಲೋಮೀಟರಿದ್ದರೂ ಸಾಗೀತು. ಪಂಚಾಯಿತಿಯಿಂದ ಪೋಡಿಗೆ? 2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಅಂತರ್ಜಾಲಕ್ಕೆ ಹೋದಾಗ ಈ ಕೊನೆಯ ತುಂಡಿನ ಬೆಲೆ ತಿಳಿಯಿತು.

ಆ 2011ರಲ್ಲಿಯೇ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ದೊರೆಯಿತು. ಕಾಡಿನಲ್ಲಿ ಅಗೆಯಲು ಅನುಮತಿ ಬೇಕು, ನಿಜ. ಆದರೆ 2006ರ ಅರಣ್ಯ ಹಕ್ಕು ಕಾಯಿದೆಯ 3(2)ನೆಯ ವಿಧಿಯನ್ನು ಓದಿದವರು ಕಡಮೆ. ಶಾಲೆ, ಆಸ್ಪತ್ರೆಗಳ ಸಾಲಿನಲ್ಲಿ ದೂರಸಂಪರ್ಕದ ತಂತಿಯೂ ಅಲ್ಲಿದೆ. ಸರ್ಕಾರ ನಡೆಸುವ ಇಂಥ ಕೆಲಸಕ್ಕೆ ಒಂದು ಹೆಕ್ಟೇರಿಗೆ ಕಡಮೆಯ ಕಾಡನ್ನು ಕೊಡಬಹುದು. ಅದಕ್ಕೆ ಶಿಫಾರಸು ಮಾಡತಕ್ಕದ್ದು ಗ್ರಾಮಸಭೆ.